ಮೂರನೇ ನಂಬರ್ ಪಂಪಿನ ಹೊಟ್ಟೆ

ಮಹಾಲಿಂಗಪುರ ದಾಟಿದರೆ ಕಬ್ಬಿನ ಗಾಡಿ ಸಾಲುಗಟ್ಟುವ ರಸ್ತೆ,
ಅದರ ತುದಿಗೆ ನಮ್ಮ ಕಾರ್ಖಾನೆ.
ನಾನು ಪಂಪ್ ಹೌಸಿನವನು.
ಮೇಲೆ ಪ್ಯಾನಿನಲ್ಲಿ ಸಕ್ಕರೆ ಹರಳುಗಟ್ಟುವುದನ್ನು
ಹದಿನೇಳು ಹಂಗಾಮಿನಲ್ಲಿ ಎರಡೇ ಸಲ ನೋಡಿದ್ದೇನೆ.
ನನ್ನ ಪಾಲಿಗೆ ಬಂದದ್ದು ನೀರು,
ಹಳಸಿದ ಸಿಹಿಯ ವಾಸನೆಯ ಉಗುರುಬೆಚ್ಚನೆ ನೀರು,
ಹನ್ನೆರಡು ಇಂಚಿನ ಕೊಳವೆ,
ಮತ್ತು ಪಂಪಿಗೂ ಕೊಳವೆಗೂ ನಡುವೆ
ಗೇಣುದ್ದದ ಕರಿ ರಬ್ಬರಿನ ಉಬ್ಬು.

ಕಾಗದದಲ್ಲಿ ಅದು ಎಕ್ಸ್‌ಪಾನ್ಶನ್ ಜಾಯಿಂಟು.
ಸ್ಟೋರಿನವರು ಬೆಲ್ಲೋ ಅಂತಾರೆ.
ನನಗೆ ಪಾನಾ ಹಿಡಿಯಲು ಕಲಿಸಿದ ರಾಜೇಸಾಬ ನದಾಫರು,
ಗಾದಿ ಹೊಲಿಯುವವರ ಮಗ,
ಹೊಟ್ಟಿ ಅನ್ನುತ್ತಿದ್ದರು.
"ದಿನಾ ಹೊಟ್ಟಿ ಮುಟ್ಟಿ ನೋಡೋ ದುಂಡ್ಯಾ.
ಗೇಜು ಒಮ್ಮೊಮ್ಮೆ ಸುಳ್ಳ ಹೇಳತೈತಿ, ಇದು ಹೇಳೂದಿಲ್ಲ."

ಮುಟ್ಟುತ್ತಿದ್ದೆ, ರಾತ್ರಿ ಪಾಳಿಯಲ್ಲಿ, ಯಾರೂ ಇಲ್ಲದಾಗ.
ಪಂಪಿನ ಮಗ್ಗುಲಿಗೆ ಅಂಗೈ ಇಟ್ಟರೆ ಚಳಿಜ್ವರದ ನಡುಕ.
ಕೊಳವೆಯ ಮಗ್ಗುಲಿಗೆ ಸರಿಸಿದರೆ
ಮಲಗಿದ ಕೂಸಿನ ಬೆನ್ನು.
ನಡುವೆ ಎಲ್ಲಿ ಹೋಯಿತು ಆ ನಡುಕ?
ರಬ್ಬರು ತುಸು ಬೆಚ್ಚಗಿರುತ್ತಿತ್ತು,
ಅಷ್ಟೇ.

ರಾಜೇಸಾಬರು ರಿಟೈರಾದ ಮರುವರ್ಷ, ಸಂಕ್ರಾಂತಿಯ ಆಚೀಚೆ,
ಹೊಟ್ಟೆಯ ಮಡಿಕೆಯಲ್ಲಿ ಬಿಳಿ ನೂಲು ಕಂಡಿತು.
ಹೊಸದಕ್ಕೆ ಮೂರು ವಾರ ಅಂತ ಸ್ಟೋರು.
ಸಾಹೇಬರು ವಾಚು ನೋಡಿಕೊಂಡರು:
"ಕಬ್ಬಿಣದ ತುಂಡು ಕೂಡಿಸ್ರಿ. ನೀರಿಗೇನ್ ಗೊತ್ತಾಗತೈತಿ?"

ನೀರಿಗೆ ಗೊತ್ತಾಗಲಿಲ್ಲ ನಿಜ.
ಎರಡು ಫ್ಲ್ಯಾಂಜು ನಾಲ್ಕು ಸೂತು ವಾರೆ ಇದ್ದವು,
ಹೊಟ್ಟೆ ಇದ್ದಷ್ಟು ದಿನ ಯಾರೂ ಅಳೆದಿರಲಿಲ್ಲ.
ಚೈನ್ ಪುಲ್ಲಿ ಹಾಕಿ ಎಳೆದೆ,
ಬೋಲ್ಟು ಕಿರುಗುಟ್ಟುವ ತನಕ ಬಿಗಿದೆ,
ಚಹಾ ಕುಡಿದೆ.

ನಾಲ್ಕನೇ ರಾತ್ರಿ ಪಂಪಿನ ಕುತ್ತಿಗೆ ಸೀಳಿತು.
ಎರಕದ ಕಬ್ಬಿಣ, ಬಾಗಲು ಬಾರದ್ದು,
ಒಂದೇ ಸದ್ದು ಮಾಡಿತು.
ಮೊಣಕಾಲು ನೀರಲ್ಲಿ ನಿಂತು ವಾಲ್ವು ತಿರುಗಿಸುವಾಗ
ಮೇಲಿನ ಮಿಲ್ಲು ಸುಮ್ಮನಾದದ್ದು ಕೇಳಿಸಿತು.
ಬೆಳಗಿಗೆ ಗಾಡಿಗಳ ಸಾಲು ಕಾಲುವೆಯ ಪೂಲಿನ ತನಕ.
ಎತ್ತುಗಳು ನೊಗದಲ್ಲೇ ಮೆಲುಕು ಹಾಕುತ್ತ
ನನ್ನ ಕಡೆಗೇ ನೋಡಿದಂತೆ.

ಅಳತೆ ಬರೆದ ಸಿಗರೇಟು ಪಾಕೀಟು, ಹಳೆಯ ಹೊಟ್ಟೆ ಗೋಣಿಚೀಲದಲ್ಲಿ,
ಬಸ್ಸು ಹತ್ತಿ ಬೆಳಗಾವಿಗೆ, ಉದ್ಯಮಬಾಗಿಗೆ.
ಚೀಲಕ್ಕೂ ಅರ್ಧ ಟಿಕೀಟು ಹರಿದ ಕಂಡಕ್ಟರು.
ಅಲ್ಲಿ ಸುಲೋಚನಾ ಕಣಬರಕರ ಎಂಬಾಕೆ
ಅಚ್ಚಿನ ಮೇಲೆ ಹಸಿ ರಬ್ಬರು ಹೊದಿಸುತ್ತಿದ್ದಳು,
ಅದರ ಮೇಲೆ ನೈಲಾನ್ ಬಟ್ಟೆ, ಮತ್ತೆ ರಬ್ಬರು, ಮತ್ತೆ ಬಟ್ಟೆ,
ಸಣ್ಣ ಗಾಲಿಯಿಂದ ಉಜ್ಜಿ ಉಜ್ಜಿ ಗಾಳಿ ಹೊರಹಾಕುತ್ತ.
"ಒಂದ್ ಗುಳ್ಳಿ ಉಳೀತಂದ್ರ ಅಲ್ಲಿಂದನ ಸೀಳತೈತ್ರಿ.
ಎಷ್ಟ ವಾರೆ ಐತಿ ನಿಮ್ದು?"
ನಾಲ್ಕು ಸೂತು ಅಂದೆ, ಬೈಸಿಕೊಳ್ಳುವವನ ಹಾಗೆ.
"ಅಷ್ಟೇನಾ?" ಅಂದಳು. ತಲೆ ಎತ್ತಲಿಲ್ಲ.

ಮೂರು ವಾರ ಅಂದದ್ದು ಮೂರೇ ದಿನದಲ್ಲಿ ಆಯಿತು.
ಯಾರೂ ಕೇಳಿರಲಿಲ್ಲ, ಫೋನು ಮಾಡಿರಲಿಲ್ಲ,
ಅಷ್ಟೇ ಇದ್ದದ್ದು ಸಂಗತಿ.

ಹಳೆಯದನ್ನು ನಡುವೆ ಕೊಯ್ದು ಒಂದು ಬಳೆ
ರಾಜೇಸಾಬರ ಮನೆಗೆ ಒಯ್ದೆ.
ಅವರ ಬೀಬಿ ತಿರುವಿ ನೋಡಿ,
ಕಟ್ಟೆಯ ಮೇಲಿನ ಹರವಿಯ ಬುಡಕ್ಕೆ ಸಿಂಬಿ ಮಾಡಿದರು.
ಚಂದ ಕೂತಿತು.

ನಡೆದದ್ದೆಲ್ಲ ಹೇಳಿದೆ. ಸಾಹೇಬರ ಮಾತು, ಸ್ಟೋರಿನ ಮಾತು.
ಕೇಳಿ ಮುಗಿಸಿ ಒಂದೇ ಕೇಳಿದರು:
"ಬೋಲ್ಟ್ ಬಿಗಿದಾಂವ ಯಾರು?"

ಹೊರಗೆ ಕಬ್ಬಿನ ಟ್ರ್ಯಾಕ್ಟರು ಎರಡು ಟ್ರೇಲಿ ಎಳೆದು ಹೋಯಿತು.
ಕಿಟಕಿಯ ಸರಳು ನಡುಗಿತು, ಗೂಡಿನ ತಾಟು ನಡುಗಿತು.
ಹರವಿಯ ಮುಚ್ಚಳ ತೆಗೆದು ತಂಬಿಗೆ ಅದ್ದುತ್ತಿದ್ದರು ಅವರು,
ಒಳಗೆ ನೀರು ಸುಮ್ಮನಿತ್ತು.

"ನಾನ," ಅಂದೆ.

ತಂಬಿಗೆ ಮುಂದೆ ಚಾಚಿದರು.